ದೀಪ ಹಾಕಿದ ಮೇಲೆ ಊರು ಬಿಟ್ಟವಳು

ನಮ್ಮ ಧಾರವಾಡದ ಕಡೆ ನವರಾತ್ರಿ ಎಂದರೆ ಮನೆ ಕಾಯುವ ಹಬ್ಬ. ಪಾಡ್ಯದ ದಿನ ದೇವರ ಮುಂದೆ ಪತ್ರಾವಳಿಯ ಮೇಲೆ ಕರಿಮಣ್ಣು ಹರವಿ, ಗೋದಿ, ಜೋಳ, ಕಡಲೆ ಬಿತ್ತಿ, ನಡುವೆ ತುಂಬಿದ ತಂಬಿಗೆ ಇಟ್ಟು ಘಟ್ಟ ಹಾಕುತ್ತಾರೆ. ಪಕ್ಕದಲ್ಲಿ ಹಚ್ಚಿದ ಸಮೆ ದಸಮಿಯವರೆಗೆ ಆರಬಾರದು. ರಾತ್ರಿ ನಡುವೆ ಎದ್ದು ಎಣ್ಣೆ ಹಾಕಬೇಕು, ಬತ್ತಿಯ ಕರಿ ತೆಗೆದು ಮುಂದಕ್ಕೆ ಸರಿಸಬೇಕು, ಮುಂಜಾನೆ ಘಟ್ಟದ ಮೇಲೆ ಹೊಸ ಮಾಲೆ ಇಳಿಬಿಡಬೇಕು. ಮೂರನೇ ದಿನಕ್ಕೆ ಮಣ್ಣು ಬಿರಿದು ಹಳದಿ ಮೊಳಕೆ ಕಾಣಿಸುತ್ತದೆ. ದೀಪ ಹಾಕಿದ ಮನೆಗೆ ಬೀಗ ಹಾಕುವ ಪದ್ಧತಿ ಇಲ್ಲ; ಯಾರಾದರೊಬ್ಬರು ಇರಲೇಬೇಕು. ನಾನು ಕಂಡ ಮನೆಗಳಲ್ಲೆಲ್ಲ ಆ ಒಬ್ಬರು ಹೆಂಗಸೇ ಆಗಿರುತ್ತಿದ್ದಳು.

ದಸರಾ ಕ್ರೀಡಾಕೂಟದ ರಾಜ್ಯಮಟ್ಟದ ಪಂದ್ಯಗಳು ಮೈಸೂರಿನಲ್ಲಿ ನಡೆಯುವುದೂ ಆ ದಿನಗಳಲ್ಲಿಯೇ. ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ವಿಭಾಗ, ವಿಭಾಗದಿಂದ ರಾಜ್ಯ ಎಂದು ಮೆಟ್ಟಿಲು ಹತ್ತಿದವರು ಹಬ್ಬದ ಹೊತ್ತಿಗೆ ಮೈಸೂರು ಮುಟ್ಟಬೇಕು. ಈಗ ಅದಕ್ಕೆ ಸಿ.ಎಂ. ಕಪ್ ಎಂಬ ಹೆಸರೂ ಸೇರಿಕೊಂಡಿದೆ. ನಾನು ಬೆಳಗಾವಿ ವಿಭಾಗದ ಮಹಿಳೆಯರ ಖೋ ಖೋ ತಂಡದಲ್ಲಿ ಆಡುತ್ತಿದ್ದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಉತ್ತರ ಕನ್ನಡ, ನಮ್ಮ ಧಾರವಾಡ ಎಲ್ಲ ಸೇರಿ ಒಂದು ತಂಡ. ನಮ್ಮಲ್ಲಿ ಒಬ್ಬಳು ಅಂಗನವಾಡಿಯಲ್ಲಿ, ಒಬ್ಬಳು ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಇಬ್ಬರು ಕಾಲೇಜು ಹುಡುಗಿಯರು. ಮದುವೆಯಾಗಿ ಮಗು ಇದ್ದವರಲ್ಲಿ ನಾನೂ ಒಬ್ಬಳು. ಆಟದಿಂದ ಹೊಟ್ಟೆ ತುಂಬುವವರು ಯಾರೂ ಇರಲಿಲ್ಲ. ಕೆಲಸಕ್ಕೆ, ಕಾಲೇಜಿಗೆ ಬಿಡುವು ಸಿಕ್ಕಾಗಲೇ ಆಡಬೇಕು. ಸಂಬಳವಿಲ್ಲದ ಆಟಗಾರ್ತಿಗೆ ಹಬ್ಬದ ರಜೆಯೇ ಆಟದ ಋತು. ಮನೆಯವರು ನಮ್ಮನ್ನು ಕೇಳುವ ದಿನ, ಮೈದಾನವೂ ನಮ್ಮನ್ನು ಕೇಳುವ ದಿನ ಒಂದೇ ಆಗಿಬಿಡುತ್ತದೆ.

ಮದುವೆಯಾದ ಮೇಲೆ ಮೊದಲ ಸಲ ವಿಭಾಗಕ್ಕೆ ಆಯ್ಕೆಯಾದಾಗ ಮನೆಯಲ್ಲಿ ಈ ಮಾತು ಎತ್ತಿದ್ದು ಅಡಿಗೆಮನೆಯಲ್ಲಿ. ಅತ್ತೆ ಹುರಕ್ಕಿ ಹೋಳಿಗೆಗೆಂದು ಬೆಲ್ಲ ಹೆರೆಯುತ್ತಿದ್ದರು. ಎಲ್ಲ ಕೇಳಿ, ಬೆಲ್ಲದ ಮಣೆ ಪಕ್ಕಕ್ಕೆ ಸರಿಸಿ, ‘ಘಟ್ಟಾ ಹಾಕಿ ಹೋಗ್ತಿ, ಇಲ್ಲಾ ಹಾಕೂಕ್ಕಿಂತ ಮೊದ್ಲ ಹೋಗ್ತಿ?’ ಎಂದರು. ಪಾಡ್ಯದ ರಾತ್ರಿ ರೈಲು ಎಂದೆ. ‘ಹಂಗಾರ ಬೀಜ ನೀನ ಬಿತ್ತಿ ಹೋಗು. ನೀರು ನಾ ಹಾಕ್ತೇನಿ’ ಎಂದರು. ಅವರಿಗೆ ಮೊಣಕಾಲು ನೋವು. ರಾತ್ರಿ ಏಳುವುದು ಸುಲಭವಿರಲಿಲ್ಲ. ಹೋಗು ಎಂದವರೇ ಆ ರಾತ್ರಿಗಳನ್ನೂ ಹೊತ್ತುಕೊಂಡರು. ನಾನು ಆಡಿದ ಪ್ರತಿ ಪಂದ್ಯದ ಹಿಂದೆ ಧಾರವಾಡದಲ್ಲೊಬ್ಬರ ನಿದ್ದೆಗೆಟ್ಟ ರಾತ್ರಿಯಿದೆ. ಅದನ್ನು ಹೇಳದೆ ಆಟದ ಮಾತಷ್ಟೇ ಹೇಳಿದರೆ ಕತೆ ಅರ್ಧವಾಗುತ್ತದೆ.

ಓಣಿಯಲ್ಲಿ ಮಾತು ಬಂತು. ‘ದೀಪಾ ಹಾಕಿದ ಮನಿ ಸೊಸಿ ಊರ ದಾಟಿ ಹೋಗತಾಳಂತ’ ಎಂದವರು ಕೆಟ್ಟವರಲ್ಲ. ಅವರಿಗೆ ಹಬ್ಬವೆಂದರೆ ಹೊಸ್ತಿಲೊಳಗಿನದು. ಆದರೆ ಅವರೇ ಒಂದು ಸಂಗತಿ ಮರೆತಿದ್ದರು. ಇದೇ ಒಂಬತ್ತು ದಿನ ಇಡೀ ಊರಿನ ಹೆಂಗಸರು ನಸುಕಿನ ನಾಲ್ಕಕ್ಕೇ ಎದ್ದು, ತಲೆ ಮೇಲೆ ನೀರು ಹಾಕಿಕೊಂಡು, ಆರತಿ ತಟ್ಟೆ ಹಿಡಿದು ಬನ್ನಿ ಗಿಡದ ಪೂಜೆಗೆ ಹೊರಡುತ್ತಾರೆ. ಬೀದಿ ದೀಪ ಇರಲಿ ಬಿಡಲಿ, ಗುಂಪು ಗುಂಪಾಗಿ ನಗುತ್ತ, ಹಾಡುತ್ತ, ಕತ್ತಲಲ್ಲಿ ಬಳೆ ಸದ್ದು ಮಾಡುತ್ತ ಹೋಗುತ್ತಾರೆ. ಗಿಡದ ಸುತ್ತ ಪ್ರದಕ್ಷಿಣೆ ಹಾಕುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ವರ್ಷದ ಉಳಿದ ದಿನ ಹೊತ್ತು ಮುಳುಗಿದ ಮೇಲೆ ಹಾಲಿಗೆ ಹೋಗಲೂ ಜೊತೆ ಬೇಕೆನ್ನುವ ಮನೆಗಳಿಂದ ಆ ನಸುಕಿನಲ್ಲಿ ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಹೊರಬೀಳುತ್ತಾರೆ. ನವರಾತ್ರಿ ನಮ್ಮನ್ನು ಮನೆಯಲ್ಲಿ ಕಟ್ಟಿಹಾಕುವ ಹಬ್ಬ ಎಂಬುದು ಅರ್ಧ ಮಾತು. ಮನೆಯಿಂದ ಹೊರಡಿಸುವ ಹಬ್ಬವೂ ಅದೇ. ಬನ್ನಿ ಗಿಡದವರೆಗೆ ನಡೆದವಳು ಮೈಸೂರಿನವರೆಗೂ ಹೋಗಬಹುದೆಂದು ನನಗೆ ಅನಿಸಿದ್ದು ಆಗ. ಈಗಲೂ ಹಾಗೆಯೇ ನಂಬಿದ್ದೇನೆ.

ರೈಲಿನಲ್ಲಿ ನಮ್ಮ ಬೋಗಿ ತುಂಬ ಆಟಗಾರರೇ. ಮೇಲಿನ ಬರ್ತಿನಲ್ಲಿ ವಾಲಿಬಾಲ್ ಚೀಲಗಳು, ಬಾಗಿಲ ಬಳಿ ಕುಸ್ತಿಯವರ ಟ್ರಂಕು. ಪ್ರತಿಯೊಬ್ಬರ ಗಂಟಿನಲ್ಲೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಹಾವೇರಿ ದಾಟುವಷ್ಟರಲ್ಲಿ ಯಾರ ಚಟ್ನಿ ಯಾರ ರೊಟ್ಟಿಯ ಮೇಲೆ ಎಂದು ಗೊತ್ತಾಗದಂತಾಗಿತ್ತು.

ಒಬ್ಬಳು ಮಾತ್ರ ರೊಟ್ಟಿ ಮುಟ್ಟಲಿಲ್ಲ. ಸವದತ್ತಿ ಕಡೆಯ ಹುಡುಗಿ, ನಮ್ಮ ತಂಡದ ಅತಿ ಚುರುಕು ಓಟಗಾರ್ತಿ. ಮನೆತನದ ಹರಕೆಯಂತೆ ಒಂಬತ್ತು ದಿನ ಒಪ್ಪತ್ತು ಊಟ, ಕಾಲಿಗೆ ಚಪ್ಪಲಿ ಇಲ್ಲ. ಪಂದ್ಯದ ದಿನವಾದರೂ ಎರಡು ಹೊತ್ತು ಉಣ್ಣು ಎಂದು ತರಬೇತುದಾರರು ಕೇಳಿಕೊಂಡರು. ಅವಳು ನಮ್ರವಾಗಿಯೇ ಇಲ್ಲವೆಂದಳು. ಬಾಳೆಹಣ್ಣು, ಹಾಲು, ಹುರಿದ ಶೇಂಗಾ ತಿಂದಳು. ಮೈಸೂರಿನ ಡಾಂಬರು ರಸ್ತೆಯಲ್ಲೂ ಬರಿಗಾಲಲ್ಲೇ ನಡೆದಳು, ಬರಿಗಾಲಲ್ಲೇ ಆಡಿದಳು. ಊರು ಬಿಟ್ಟರೆ ಹಬ್ಬ ಬಿಟ್ಟಂತೆ ಎನ್ನುವವರು ಆ ಹುಡುಗಿಯ ಅಂಗಾಲು ನೋಡಬೇಕಿತ್ತು. ಕ್ರೀಡಾಂಗಣದ ಮಣ್ಣು ಬೆರಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು, ಹಿಮ್ಮಡಿ ಒಡೆದಿತ್ತು, ಮೇಲೆ ಅರಿಸಿನದ ಗೆರೆ ಇನ್ನೂ ಇತ್ತು.

ಮಹಾನವಮಿಗೂ ಆಟಕ್ಕೂ ಇರುವ ನಂಟು ಮೈಸೂರಿನವರು ಈಚೆಗೆ ಕಟ್ಟಿದ್ದಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಶುರು ಮಾಡಿದಾಗ ಅವರ ಕಣ್ಣ ಮುಂದೆ ಇದ್ದದ್ದು ವಿಜಯನಗರದ ಮಹಾನವಮಿ. ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಗೋಡೆಗಳನ್ನು ನಿಧಾನವಾಗಿ ಸುತ್ತಿ ಬರಬೇಕು. ಆನೆ, ಕುದುರೆ, ಬೇಟೆ, ಕುಣಿತದ ಸಾಲುಗಳ ನಡುವೆ ಮಲ್ಲರು ಸಿಗುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಹಬ್ಬದ ದಿನಗಳ ಕುಸ್ತಿಯನ್ನು ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವಂಥ ಹೊಡೆತಗಳಿದ್ದವಂತೆ. ಅವನ ನಂತರ ಬಂದ ನ್ಯೂನಿಜ್ ಇನ್ನೊಂದು ಸಂಗತಿ ಹೇಳುತ್ತಾನೆ: ಅರಮನೆಯ ಹೆಂಗಸರಲ್ಲಿ ಕುಸ್ತಿ ಹಿಡಿಯುವವರೂ ಇದ್ದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು. ಆ ಮಲ್ಲರು ಎಲ್ಲಿಂದ ಬಂದವರೋ, ಅವರ ಮನೆಗಳಲ್ಲಿ ಹಬ್ಬ ಹೇಗೆ ನಡೆಯುತ್ತಿತ್ತೋ ಯಾರೂ ಬರೆದಿಲ್ಲ. ಆದರೆ ನಾಡಿನ ದೊಡ್ಡ ಹಬ್ಬಕ್ಕೆ ಮನೆ ಬಿಟ್ಟು ಬಂದು ಅಖಾಡದಲ್ಲಿ ನಿಲ್ಲುವವರು ಐನೂರು ವರ್ಷಗಳಿಂದ ಇದ್ದಾರೆ. ಅವರಿಲ್ಲದಿದ್ದರೆ ಆ ಹಬ್ಬಕ್ಕೆ ಮಹಾನವಮಿಯ ಕಳೆ ಬರುತ್ತಿರಲಿಲ್ಲ. ಮೈಸೂರಿನ ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳೂ ಇಳಿಯುತ್ತಾರೆ. ಗೆದ್ದವಳಿಗೆ ದಸರಾ ಕಿಶೋರಿ ಎಂಬ ಬಿರುದಿದೆ. ಹಳಿಯಾಳ, ಗದಗಿನ ಕಡೆಯ ಎಷ್ಟೋ ಹುಡುಗಿಯರು ನವರಾತ್ರಿಯ ರೈಲು ಹತ್ತುವುದು ಅದಕ್ಕೇ.

ನಜರ್‌ಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ನಿಂತರೆ ಬೆಟ್ಟ ಕಾಣುತ್ತದೆ. ನಮ್ಮ ತಂಡದವರೆಲ್ಲ ಅಂಕಣಕ್ಕೆ ಇಳಿಯುವ ಮೊದಲು ಆ ಕಡೆ ತಿರುಗಿ ಕೈ ಮುಗಿದೆವು. ಆಮೇಲೆ ಕಂಬ ಮುಟ್ಟಿದೆವು.

ಖೋ ಖೋ ಆಡದವರು ಅದನ್ನು ಬರಿ ಓಟದ ಆಟ ಎಂದುಕೊಳ್ಳುತ್ತಾರೆ. ನನಗೆ ಅದು ಕೂರುವ ಆಟ. ಬೆನ್ನಟ್ಟುವ ಸರದಿ ಬಂದಾಗ ನಡುಪಟ್ಟಿಯ ಚೌಕಗಳಲ್ಲಿ ಎಂಟು ಜನ ಕೂರುತ್ತೇವೆ, ಒಬ್ಬಳು ಈ ಕಡೆ, ಪಕ್ಕದವಳು ಆ ಕಡೆ ಮುಖ ಮಾಡಿ. ಪೂರ್ತಿ ಕೂತಿರುವುದಿಲ್ಲ, ತುದಿಗಾಲಿನ ಮೇಲೆ, ಬೆರಳ ತುದಿ ನೆಲಕ್ಕೆ ಊರಿ, ತೊಡೆ ಉರಿಯುವಂತೆ ಕೂತಿರುತ್ತೇವೆ. ಒಂಬತ್ತನೆಯವಳು ಓಡುತ್ತಿರುತ್ತಾಳೆ. ಅರ್ಧ ಮೈದಾನ ನಮ್ಮ ಬೆನ್ನ ಹಿಂದೆ. ಅಲ್ಲಿ ಏನಾಗುತ್ತಿದೆ ಎಂಬುದನ್ನು ಹೆಜ್ಜೆ ಸಪ್ಪಳದಿಂದ, ಎದುರು ಕೂತವಳ ಕಣ್ಣಿನಿಂದ ತಿಳಿಯಬೇಕು. ಬೆನ್ನಿಗೆ ಅಂಗೈ ತಾಗಿ ಕಿವಿಗೆ ‘ಖೋ’ ಬೀಳುವವರೆಗೆ ಏಳುವಂತಿಲ್ಲ. ಕೂಗಿಗಿಂತ ಒಂದು ಚಿಟಿಕೆ ಮೊದಲು ಎದ್ದರೂ ಫೌಲ್. ಎದ್ದು ಒಂದು ದಿಕ್ಕಿಗೆ ಹೊರಳಿದ ಮೇಲೆ ಕಂಬದವರೆಗೆ ಆ ದಿಕ್ಕೇ ಗತಿ. ಹಿಂದಿರುಗುವಂತಿಲ್ಲ, ನಡುಪಟ್ಟಿ ದಾಟುವಂತಿಲ್ಲ. ಓಡುವವಳಿಗೆ ಈ ಯಾವ ಕಟ್ಟೂ ಇಲ್ಲ. ಅವಳು ಎತ್ತ ಬೇಕಾದರೂ ನುಸುಳಬಹುದು. ಮೂವರ ಒಂದು ಬ್ಯಾಚು ಔಟಾಗುವಷ್ಟರಲ್ಲಿ ಇನ್ನೊಂದು ಬ್ಯಾಚು ಬಾಗಿಲಲ್ಲಿ ನಿಂತಿರುತ್ತದೆ. ಸರದಿಗೆ ಒಂಬತ್ತು ನಿಮಿಷ.

ಮೈಸೂರು ವಿಭಾಗದ ಮೇಲೆ ಆಡುವಾಗ ಆ ಒಂಬತ್ತು ನಿಮಿಷ ಯಾವ ಕಡೆ ಹೋಯಿತೋ ತಿಳಿಯಲಿಲ್ಲ. ಅವರ ಒಬ್ಬ ಓಟಗಾರ್ತಿ ಸಣ್ಣ ಮೈಕಟ್ಟಿನವಳು, ಜಡೆಯನ್ನು ಎರಡು ಸುತ್ತು ಮಡಚಿ ಕಟ್ಟಿದ್ದಳು. ನಮ್ಮ ಸಾಲಿನ ನಡುವೆ ಚೈನ್ ಹಾಕುತ್ತ, ಕೂತವರ ಭುಜ ಸವರುವಷ್ಟು ಹತ್ತಿರದಿಂದ ದಾಟುತ್ತಿದ್ದಳು. ನಾನು ಕಂಬದ ಪಕ್ಕದ ಚೌಕದಲ್ಲಿದ್ದೆ. ಅವಳು ಕಂಬದ ಹೊರಗೆ ಸುತ್ತಿ ತಿರುಗುವುದನ್ನು ಕಾಯುತ್ತಿದ್ದೆ. ತಿರುಗುವ ಮುಂಚೆ ಅವಳ ಎಡಗಾಲು ಒಂದು ಕ್ಷಣ ತಡೆಯುತ್ತಿತ್ತು. ಅದನ್ನು ಗುರುತಿಸುವಷ್ಟರಲ್ಲಿ ಎರಡು ಸಲ ಕೈ ತಪ್ಪಿಸಿಕೊಂಡಿದ್ದಳು. ಮೂರನೆಯ ಬಾರಿ ಖೋ ಬಿತ್ತು. ಎಡಗೈಯಲ್ಲಿ ಕಂಬ ಅಪ್ಪಿ ಇಡೀ ಮೈಯನ್ನು ಹೊರಕ್ಕೆ ಎಸೆದೆ. ಬಲಗೈಯ ಮಧ್ಯದ ಬೆರಳಿಗೆ ಅವಳ ಹಿಮ್ಮಡಿ ಸಿಕ್ಕಿತು. ಸೀಟಿ ಕೇಳಿಸಿತು. ನೆಲದಲ್ಲಿ ಬಿದ್ದೇ ಇದ್ದಾಗ ಬಾಯೊಳಗಿನ ಮಣ್ಣಿನ ರುಚಿ ನಮ್ಮೂರಿನ ಕರಿಮಣ್ಣಿನದಲ್ಲ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಔಟಾದವಳೇ ತಿರುಗಿ ಬಂದು ಕೈ ಕೊಟ್ಟು ಎಬ್ಬಿಸಿದಳು. ‘ಮಂಡಿ ನೋಡ್ಕಳಿ ಅಕ್ಕ’ ಎಂದಳು. ಚರ್ಮ ಕಿತ್ತು ಬಂದಿತ್ತು.

ಆ ಪಂದ್ಯ ಅವರೇ ಗೆದ್ದರು. ಗೆಲ್ಲಬೇಕಾದವರೇ ಗೆದ್ದರು ಎಂದು ಆಗಲೂ ಅನಿಸಿತ್ತು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನಂಥ ಊರು ಹಿಂದಿರುವ ವಿಭಾಗ ಅದು. ಆ ಊರಿನ ಮಣ್ಣಿನ ಅಂಕಣದಲ್ಲಿ ಸಂಜೆ ಸಂಜೆ ರೈತರ ಮಕ್ಕಳು ಖೋ ಖೋ ಆಡಿ ಬೆಳೆಯುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ, ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿದ್ದ ಬಿ. ಚೈತ್ರಾ ಅದೇ ಕುರುಬೂರಿನವರು. ಪುರುಷರ ತಂಡದಲ್ಲಿ ಮಂಡ್ಯ ಜಿಲ್ಲೆಯ ಎಂ.ಕೆ. ಗೌತಮ್ ಇದ್ದರು. ನಾನು ಟಿವಿಯ ಮುಂದೆ ಅತ್ತೆಯ ಪಕ್ಕ ಕೂತು ಫೈನಲ್ ನೋಡಿದೆ. ಮ್ಯಾಟ್ ಮೇಲಿನ ಆಟ, ದೊಡ್ಡ ಒಳಾಂಗಣ, ಬಣ್ಣದ ದೀಪಗಳು. ಚೈತ್ರಾ ಮೈ ಬಳುಕಿಸಿ ತಪ್ಪಿಸಿಕೊಂಡಾಗಲೆಲ್ಲ ಅತ್ತೆ ‘ಹಾಂ, ಹಂಗ!’ ಎಂದು ತೊಡೆ ತಟ್ಟುತ್ತಿದ್ದರು. ಖೋ ಖೋ ಶಾಲೆಯಲ್ಲಿ ಆಡಿ ಬಿಟ್ಟುಬಿಡುವ ಆಟ ಎಂದು ಹೇಳುವವರ ಬಾಯಿ ಆ ದಿನ ಮುಚ್ಚಿತು. ನನ್ನ ಕಣ್ಣು ತುಂಬಿ ಬಂತು.

ಮತ್ತೆ ಮೈಸೂರಿಗೆ ಬರುತ್ತೇನೆ. ನಮ್ಮನ್ನು ಇಳಿಸಿದ್ದ ಕಟ್ಟಡದ ಎದುರು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರು. ನಮ್ಮ ಹುಡುಗಿಯರು ನಸುಕಿನಲ್ಲಿ ಬನ್ನಿ ಗಿಡ ಹುಡುಕಿಕೊಂಡು ಬೀದಿಯಲ್ಲಿ ಓಡಾಡುವುದನ್ನು ನೋಡಿದ್ದರಂತೆ. ಗೇಟಿನ ಹತ್ತಿರ ನಿಲ್ಲಿಸಿ ಯಾವ ಊರು, ಏನು ಆಟ ಎಂದು ವಿಚಾರಿಸಿದರು. ಸಂಜೆ ಗೊಂಬೆ ನೋಡಲು ಬನ್ನಿ ಎಂದು ಇಡೀ ತಂಡವನ್ನು ಕರೆದರು. ನಮ್ಮ ಕಡೆ ಘಟ್ಟ ಇದ್ದ ಹಾಗೆ ಅವರ ಕಡೆ ಗೊಂಬೆ ಕೂರಿಸುತ್ತಾರೆ. ನಾವು ಯಾರೂ ಅದನ್ನು ಮನೆಯೊಳಗೆ ಕಂಡವರಲ್ಲ. ಟ್ರ್ಯಾಕ್ ಸೂಟಿನಲ್ಲೇ ಹೋದೆವು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು.

ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ ಬಿಳಿ ಪಂಚೆ ಹಾಸಿದ್ದರು. ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆ, ಅವರ ಅಜ್ಜಿಯ ಮದುವೆಯಲ್ಲಿ ಕೊಟ್ಟದ್ದಂತೆ. ಮೂಗಿನ ಬಣ್ಣ ಸವೆದಿತ್ತು, ರೇಷ್ಮೆ ತುಂಡು ಮಾತ್ರ ಹೊಸದು. ಕೆಳಗೆ ದಶಾವತಾರ, ಚೆಟ್ಟಿ ದಂಪತಿ, ಕೀಲುಕುದುರೆ, ರಾಗಿ ಪೈರು ಮೊಳೆಸಿ ಮಾಡಿದ ಹೊಲ, ಸಂತೆ, ಮೊಮ್ಮಕ್ಕಳು ಇಟ್ಟ ಪ್ಲಾಸ್ಟಿಕ್ ಕ್ರಿಕೆಟ್ ಆಟಗಾರರು. ಸವದತ್ತಿಯ ಹುಡುಗಿ ರಾಗಿ ಪೈರಿನ ಮುಂದೆ ಬಹಳ ಹೊತ್ತು ಕೂತಳು. ‘ನಮ್ಮನಿ ಘಟ್ಟಾನೂ ಇಷ್ಟು ಎದ್ದಿರತೈತಿ ಈಗ’ ಎಂದಳು. ಆ ತಾಯಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಅರಿಸಿನ ಕುಂಕುಮ ಕೊಟ್ಟರು. ಕಡಲೆಕಾಳು ಉಸಲಿ, ರವೆ ಉಂಡೆ ಕೊಟ್ಟರು. ಒಪ್ಪತ್ತಿನವಳಿಗೆ ಬೇರೆಯಾಗಿ ಹಾಲು ಕಾಯಿಸಿದರು. ಹಾಡು ಹೇಳಿ ಎಂದರು. ಬನ್ನಿ ಪೂಜೆಯ ಹಾಡು ಹೇಳಿದೆವು. ಅವರು ಚಾಮುಂಡಿಯ ಹಾಡು ಹೇಳಿದರು. ರಾತ್ರಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಳ್ಳುವುದನ್ನು ನೋಡಲು ಹೋದೆವು; ಚೆಂದವಿತ್ತು. ಆದರೆ ಮೈಸೂರು ದಸರೆ ಎಂದರೆ ನನಗೆ ಇವತ್ತಿಗೂ ಆ ಮನೆಯ ನಡುಕೋಣೆ.

ಮನೆ ನೆನಪಾಗುತ್ತಿತ್ತು, ವಿಶೇಷವಾಗಿ ಊಟದ ಹೊತ್ತಿಗೆ. ದಿನಾ ಸಂಜೆ ಫೋನು ಮಾಡಿದರೆ ಮಗ ಮೊದಲು ತನ್ನ ಸುದ್ದಿ ಮುಗಿಸಿ ಆಮೇಲೆ ಗೆದ್ದೆಯೋ ಎಂದು ಕೇಳುತ್ತಿದ್ದ. ಅತ್ತೆ ಘಟ್ಟದ ಸುದ್ದಿ ಹೇಳುತ್ತಿದ್ದರು: ಗೋದಿ ಎದ್ದಿದೆ, ಕಡಲೆ ಇನ್ನೂ ಇಲ್ಲ, ಇವತ್ತು ಚೆಂಡು ಹೂವಿನ ಮಾಲೆ. ಒಂದು ದಿನ ಗಂಡ ಫೋನು ತೆಗೆದುಕೊಂಡು, ರಾತ್ರಿ ಎರಡು ಗಂಟೆಯ ಎಣ್ಣೆ ತಾನು ಹಾಕುತ್ತಿದ್ದೇನೆ, ಅವ್ವನ ಮೊಣಕಾಲು ಬಾತಿದೆ ಎಂದರು. ನಮ್ಮ ಮನೆಯಲ್ಲಿ ಗಂಡಸೊಬ್ಬ ಘಟ್ಟದ ದೀಪಕ್ಕೆ ಎದ್ದದ್ದು ನಾನು ಕೇಳಿದಂತೆ ಅದೇ ಮೊದಲು. ಆಮೇಲಿನ ವರ್ಷಗಳಲ್ಲಿ ಆ ಎರಡು ಗಂಟೆ ಅವರದೇ ಆಗಿ ಉಳಿಯಿತು, ನಾನು ಮನೆಯಲ್ಲಿದ್ದಾಗಲೂ.

ಹೆಣ್ಣುಮಗಳೊಬ್ಬಳು ಹಬ್ಬದಲ್ಲಿ ಆಟಕ್ಕೆ ಹೋಗುವುದೆಂದರೆ ಅವಳೊಬ್ಬಳ ಪ್ರಯಾಣವಲ್ಲ. ಮನೆಯೊಳಗೆ ಕೆಲಸಗಳು ಕೈ ಬದಲಿಸಬೇಕಾಗುತ್ತದೆ. ಕೈ ಬದಲಿಸಲು ಒಪ್ಪದ ಮನೆಗಳಲ್ಲಿ ಎಷ್ಟು ಒಳ್ಳೆಯ ಆಟಗಾರ್ತಿಯರು ಜಿಲ್ಲಾಮಟ್ಟದಲ್ಲೇ ನಿಂತುಹೋದರೆಂದು ನಾನು ಕಣ್ಣಾರೆ ಕಂಡಿದ್ದೇನೆ. ಗಂಡುಮಕ್ಕಳ ವಾಲಿಬಾಲ್ ತಂಡದಲ್ಲಿ ಮದುವೆಯಾದವರು ತುಂಬ ಇದ್ದರು. ನಮ್ಮಲ್ಲಿ ಬೆರಳೆಣಿಕೆ. ಓಟ, ದಮ್ಮು, ಚುರುಕು ಎಲ್ಲ ಇದ್ದವರನ್ನು ಬಿಡಿಸಿದ್ದು ವಯಸ್ಸಲ್ಲ. ಇದನ್ನು ನೆನೆದರೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ.

ಈಗ ನಾನು ಆಡುವುದಿಲ್ಲ. ಸಂಜೆ ಮೈದಾನದಲ್ಲಿ ಓಣಿಯ ಹುಡುಗಿಯರಿಗೆ ಕಲಿಸುತ್ತೇನೆ. ಈ ಸಲ ಇಬ್ಬರು ವಿಭಾಗಕ್ಕೆ ಆಯ್ಕೆಯಾದರು. ಒಬ್ಬಳ ತಾಯಿ ಸುತರಾಂ ಒಪ್ಪಲಿಲ್ಲ. ‘ಘಟ್ಟಾ ಹಾಕೂ ಹೊತ್ತಿನ್ಯಾಗ ಹುಡಿಗಿ ಮನ್ಯಾಗ ಇರಬೇಕ್ರಿ, ಮುಂದ ಹೋಗೂ ಮನ್ಯಾಗ ಕೇಳ್ತಾರ’ ಎಂದರು. ಪಾಯೆಸ್, ನ್ಯೂನಿಜ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ಅತ್ತೆಯನ್ನು ಕರೆದುಕೊಂಡು ಹೋದೆ. ಅವರು ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತು ಆಟದ ಮಾತು ಎತ್ತಲೇ ಇಲ್ಲ. ‘ನಿಮ್ಮ ಸಮೇಕ ದಿನಕ್ಕ ಎಷ್ಟ ಎಣ್ಣಿ ಹಿಡೀತೈತಿ?’ ಎಂದು ಕೇಳಿದರು. ಆ ತಾಯಿ ಹೇಳಿದರು. ಬತ್ತಿ ದಪ್ಪ ಇದ್ದರೆ ಎಣ್ಣೆ ಬೇಗ ಮುಗಿಯುತ್ತದೆ, ಎರಡು ಎಳೆ ಕಡಿಮೆ ಮಾಡು, ರಾತ್ರಿ ಒಂದೇ ಸಲ ಎದ್ದರೆ ಸಾಕಾಗುತ್ತದೆ ಎಂದು ಅತ್ತೆ ಲೆಕ್ಕ ಹೇಳಿದರು. ಆಮೇಲೆ ಬೆಳ್ಳುಳ್ಳಿ ರೇಟು, ಅಳಿಯನ ಕೆಲಸ, ಮೊಣಕಾಲಿನ ಎಣ್ಣೆ ಎಲ್ಲ ಮಾತಾಯಿತು. ಹುಡುಗಿ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಏಳುವ ಹೊತ್ತಿಗೆ ಆ ತಾಯಿ ನನ್ನ ಕಡೆ ತಿರುಗಿ, ‘ದಸಮಿಗೆ ಬನ್ನಿ ಕೊಡಾಕ ಹುಡಿಗಿ ಮನ್ಯಾಗ ಇರತಾಳಿಲ್ಲೋ?’ ಎಂದರು. ಸಪ್ತಮಿಯ ಮುಂಜಾನೆ ಧಾರವಾಡಕ್ಕೆ ಇಳಿಯುವ ಹಾಗೆ ಟಿಕೆಟ್ ಆಗಿದೆ ಎಂದೆ. ‘ಹಂಗಾರ ಬೀಜ ಬಿತ್ತಿ ಹೋಗ್ಲಿ’ ಎಂದರು. ಹುಡುಗಿಗೆ ಕ್ಯಾನ್ವಾಸ್ ಬೂಟು ಇಲ್ಲ, ಒಂದು ಜೊತೆ ಕೊಡಿಸಬೇಕು. ಇನ್ನೊಬ್ಬಳ ಮನೆಗೆ ನಾಳೆ ಹೋಗುವುದಿದೆ.